ಸೀಲು ಬಿದ್ದರೂ ಒಡೆಯದ ಕಾರ್ಡು

ಮೊನ್ನೆ ರೇಷನ್ ಕಾರ್ಡು ಹುಡುಕಲು ಟ್ರಂಕು ತೆಗೆದೆ. ರೇಷನ್ ಕಾರ್ಡು ಸಿಗಲಿಲ್ಲ, ತೂತು ಬಿದ್ದ ಒಂದು ಹಾಳೆ ಸಿಕ್ಕಿತು. ತೂತು ಎಂದರೆ ಇಲಿ ಕಡಿದದ್ದಲ್ಲ. ಲೋಟದ ಬಾಯಿ ಇಟ್ಟು ಗೆರೆ ಎಳೆದು ಕತ್ತರಿಯಲ್ಲಿ ಕೊಯ್ದ ದುಂಡನೆಯ ತೂತು. ಕೊಯ್ದವಳು ನಾನೇ. ಅದಕ್ಕೆ ಕಣ್ಣಿಟ್ಟು ಮನೆಯನ್ನೊಂದು ಸುತ್ತು ನೋಡಿದೆ.

"ಏನತ್ತೆ, ಹಳೇ ಕಿಟಕಿ ಸಿಕ್ತಾ?" ಎಂದಳು ಸೊಸೆ ಶೋಭ, ಒಲೆಯ ಮುಂದಿನಿಂದ ಏಳದೆ.

ಆ ಕಿಟಕಿಯ ಕತೆ ಅವಳಿಗೆ ಗೊತ್ತು. ನಿಮಗೆ ಹೇಳುತ್ತೇನೆ. ರೇಷನ್ ಕಾರ್ಡು ನಾಳೆ ಸಿಗುತ್ತದೆ.

ರೇಷ್ಮೆ ಸಾಕದವರಿಗೆ ಮೊಟ್ಟೆ ಹಾಳೆ ಎಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಸರ್ಕಾರದವರ ಬಿತ್ತನೆ ಕೋಠಿಯಲ್ಲಿ ಚಿಟ್ಟೆಗಳನ್ನು ಹಾಳೆಯ ಮೇಲೆ ಬಿಟ್ಟು, ಒಂದೊಂದರ ಮೇಲೂ ಒಂದೊಂದು ಪುಟ್ಟ ಬಟ್ಟಲು ಕವುಚುತ್ತಾರೆ. ಒಳಗೆ ಕತ್ತಲು. ಮಾಡಲು ಬೇರೆ ಕೆಲಸವಿಲ್ಲ. ಚಿಟ್ಟೆ ಬಟ್ಟಲಿನ ಅಗಲಕ್ಕೆ ದುಂಡಗೆ ಮೊಟ್ಟೆ ಇಟ್ಟು ಸಾಯುತ್ತದೆ. ಸಾಸಿವೆಗಿಂತ ಸಣ್ಣ ಮೊಟ್ಟೆ, ಒಂದು ದುಂಡಿಗೆ ನಾನೂರರ ಹತ್ತಿರ. ಹಾಳೆಯ ತುಂಬ ಇಂಥ ದುಂಡುಗಳು ಸಾಲಾಗಿರುತ್ತವೆ. ನಾವು ಆ ಹಾಳೆ ತಂದು ತಣ್ಣಗಿನ ಮೂಲೆಯಲ್ಲಿ ನೇತು ಹಾಕಿದರೆ, ದಿನ ತುಂಬಿದಾಗ ಹುಳ ಎದ್ದು ಸೊಪ್ಪಿಗೆ ಹೋಗುತ್ತವೆ. ಹಾಳೆಯ ಮೇಲೆ ಬರೀ ಹೊಟ್ಟು ಉಳಿಯುತ್ತದೆ, ಬೆಳ್ಳಗೆ, ರಂಗೋಲಿ ಚುಕ್ಕಿ ಒತ್ತೊತ್ತಾಗಿ ಇಟ್ಟ ಹಾಗೆ. ಖಾಲಿ ಹಾಳೆಯನ್ನು ಕೆಲವರು ಉಪ್ಪಿನಕಾಯಿ ಜಾಡಿಗೆ ಮುಚ್ಚುತ್ತಾರೆ. ಕೆಲವರು ಒಲೆಗೆ ಬೀಸುತ್ತಾರೆ. ನಾನು ಹಬ್ಬದ ಕಾರ್ಡು ಮಾಡಿದೆ.

ಯಾಕೆ ಮಾಡಿದೆ ಎಂದರೆ ಅದಕ್ಕೆ ಕಾರಣ ಒಂದು ಹಾಡುವ ಕಾರ್ಡು.

ಆಗ ರಾಮನಗರದ ಆಚೆ ಬಯಲಿನಲ್ಲೆಲ್ಲ ಫ್ಯಾಕ್ಟರಿಗಳು ಏಳುತ್ತಿದ್ದವು. ನಾನಿರುವುದು ದೊಡ್ಡಮಳೂರಿನ ಹತ್ತಿರ. ಇಲ್ಲಿಂದಲೂ ದಿನಾ ಬೆಳಿಗ್ಗೆ ಬಸ್ಸು ಬಂದು ಗಂಡಸರನ್ನು ತುಂಬಿಕೊಂಡು ಹೋಗಿ ಸಂಜೆ ಸುರಿದು ಹೋಗುತ್ತಿತ್ತು. ನನ್ನ ಮಗನೂ ಅದರಲ್ಲೊಬ್ಬ. ಒಂದು ಹೊಸ ವರ್ಷಕ್ಕೆ ಅವನ ಫ್ಯಾಕ್ಟರಿಯಿಂದ ಮನೆಗೊಂದು ಕಾರ್ಡು ಬಂತು. ಬಿಡಿಸಿದರೆ ಹಾಡು. ಮುಚ್ಚಿದರೆ ನಿಲ್ಲಬೇಕಂತೆ, ನಮ್ಮದು ನಿಲ್ಲಲಿಲ್ಲ. ಮಗ ಅದನ್ನು ಹಾಸಿಗೆ ಕೆಳಗೆ ಇಟ್ಟ, ಹಾಸಿಗೆ ಹಾಡಿತು. ಶೋಭ ಅಕ್ಕಿ ಡಬ್ಬಕ್ಕೆ ಹಾಕಿದಳು, ಅಕ್ಕಿ ಹಾಡಿತು. ಮೂರು ದಿನ ಡಬ್ಬದೊಳಗಿಂದ ಕುಂಯ್ಯೋ ಎನ್ನುತ್ತಲೇ ಇದ್ದು ನಾಲ್ಕನೇ ದಿನ ಗೊರಕೆ ಹೊಡೆದು ಸತ್ತಿತು. ಇಷ್ಟು ದುಡ್ಡು ಕೊಟ್ಟು ಇಷ್ಟು ಕಿರುಕುಳ ಕಳಿಸುವ ಬದಲು ನಾನೇ ಒಂದು ಮಾಡಬಲ್ಲೆ ಎಂದೆ. ಮನೆಯವರು ನಕ್ಕರು. ನಕ್ಕ ಮೇಲೆ ಮಾಡದೆ ಇರುವುದು ಹೇಗೆ?

ಇನ್ನೊಂದು ವಿಷಯ. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಸಂಜೆ ಹೊತ್ತು ಶಾಲೆಯ ಜಗಲಿಯಲ್ಲಿ ಒಬ್ಬ ಟೀಚರಮ್ಮ ನಮ್ಮಂಥ ಹೆಂಗಸರನ್ನು ಕೂರಿಸಿಕೊಂಡು ಕಲಿಸುತ್ತಿದ್ದಳು. ನನ್ನ ಅಕ್ಷರ ಹಲಸಿನ ಹಣ್ಣಿನಷ್ಟು ದಪ್ಪ. ನಾಲ್ಕು ಪದ ಬರೆದರೆ ಹಾಳೆ ಮುಗಿಯುತ್ತಿತ್ತು, ಜೊತೆಗೆ ನನ್ನ ಉಸಿರೂ. ಇಂಥವಳಿಗೆ ಕಾರ್ಡೇ ಸರಿ. ಕಾಗದ ಬರೆಯಬೇಕಾದರೆ ವಿಷಯ ಬೇಕು. ಕಾರ್ಡಿಗೆ ಬೇಡ. ಹಬ್ಬ ಬಂತು ಎಂದು ಬರೆದರೆ ಸಾಕು, ಅದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಹಾಳೆಗೆ ಖರ್ಚು ಮಾಡಲಿಲ್ಲ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಒಂದು ಗಂಟು ಇದ್ದವು. ಹಿಂಬದಿ ಖಾಲಿ, ರಟ್ಟು ಗಟ್ಟಿ. ಮದುವೆಯಾದವರಿಗೆ ಮಕ್ಕಳಾಗಿ ಆ ಮಕ್ಕಳು ಶಾಲೆಗೆ ಹೋಗುತ್ತಿದ್ದರು, ಇನ್ನು ಪತ್ರಿಕೆ ಯಾರಿಗೆ ಬೇಕು? ಅಂಟಿಗೆ ಹುಣಸೆ ಬೀಜ ಅರೆದು ಗಂಜಿ ಕಾಯಿಸಿಕೊಂಡೆ. ಕುರಿ ಸಾಕುವವರು ಕಂಬಳಿಗೆ ಹಾಕುವ ಗಂಜಿ ಅದು. ಹಿಡಿದರೆ ಬಿಡುವುದಿಲ್ಲ.

ಮಾಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಟಪಾಲಿಗೆ ಹಾಕುವುದು.

ನಮ್ಮೂರ ಪೋಸ್ಟಾಫೀಸು ಎಂದರೆ ಶಿವಣ್ಣನ ಮನೆಯ ಜಗಲಿ. ಒಂದು ಮೇಜು, ಒಂದು ತಕ್ಕಡಿ, ಒಂದು ಸೀಲು. ಶಿವಣ್ಣ ಸಾಧು ಮನುಷ್ಯ, ಹೆಂಡತಿಯ ಮುಂದೆ ಜೋರಾಗಿ ಕೆಮ್ಮುವವನಲ್ಲ. ಆದರೆ ಸೀಲು ಕೈಗೆ ಬಂದರೆ ಅವನ ಮೈಮೇಲೆ ಏನೋ ಬರುತ್ತಿತ್ತು. ಧಡ್ ಧಡ್ ಎಂದು ಹೊಡೆದರೆ ಜಗಲಿಯ ಕೋಳಿಗಳು ಬೀದಿಗೆ ಹಾರುತ್ತಿದ್ದವು.

ಮೊದಲನೆಯ ಕಾರ್ಡು ಸಂಕ್ರಾಂತಿಗೆ. ಎಳ್ಳು ಬೆಲ್ಲ ಬೀರುವ ಹಬ್ಬವಲ್ಲವೇ, ನಾನು ಎಳ್ಳನ್ನೂ ಬೆಲ್ಲದ ಚೂರನ್ನೂ ಕಾರ್ಡಿಗೇ ಅಂಟಿಸಿ, ಕನಕಪುರದಲ್ಲಿರುವ ತಮ್ಮನಿಗೆ ಕವರು ಮಾಡಿದೆ. ಮಾರನೆಯ ದಿನ ಶಿವಣ್ಣ ಕೂಗಿ ಕರೆದ.

"ಕೆಂಪಕ್ಕ, ನಾನು ಸ್ಟಾಂಪು ಹಚ್ಚೋಕೆ ಮೊದ್ಲೇ ಇರುವೆ ಹತ್ಕೊಂಡವೆ. ನಿಮ್ಮ ಕವರು ತಾನೇ ನಡ್ಕಂಡು ಬಾಗಿಲ ತಂಕ ಹೋಗಿತ್ತು."

ಯುಗಾದಿಗೆ ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರ ಮುರಿದು ಬಿಸಾಡಿದ ಪುಟಾಣಿ ಮರದ ಚಕ್ರ ತಂದು ಅಂಟಿಸಿದೆ. ಕೆಂಪು ಅರಗಿನ ಬಣ್ಣ, ಕಣ್ಣಿಗೆ ಹಬ್ಬ. ಸೀಲು ಬಿತ್ತು. ಚಕ್ರ ಎರಡು ಹೋಳಾಗಿ, ಒಂದು ಹೋಳು ಶಿವಣ್ಣನ ಟೀ ಲೋಟಕ್ಕೆ ಹಾರಿತು. ಟೀ ಕೆಂಪಾಯಿತು. ಆಮೇಲೆ ದೀಪಾವಳಿಗೆ ರೇಷ್ಮೆ ಗೂಡು ಕೊಯ್ದು ಎಸಳು ಬಿಡಿಸಿ ಹೂವು ಮಾಡಿದೆ. ನಾನು ಮಾಡಿದ್ದರಲ್ಲೆಲ್ಲ ಅದೇ ಚೆಲುವೆ. ಸೀಲಿನ ಕೆಳಗೆ ಅದೂ ಮಲಗಿತು. ಹಲ್ಲಿ ಬಾಗಿಲ ಸಂದಿಗೆ ಸಿಕ್ಕಂತೆ ಕಾಣುತ್ತದೆ, ಆದರೂ ಸಂತೋಷ ಎಂದು ತಮ್ಮನ ಹೆಂಡತಿ ಹೇಳಿ ಕಳಿಸಿದಳು.

"ಒಸಿ ಮೆಲ್ಲಗೆ ಹೊಡೀಬಾರ್ದಾ ಶಿವಣ್ಣ?"

"ಮೆಲ್ಲಗೆ ಹೊಡುದ್ರೆ ಊರ ಹೆಸ್ರು ಮೂಡಲ್ಲ ಕೆಂಪಕ್ಕ. ಮ್ಯಾಲಿನೋರು ಬಯ್ತಾರೆ. ನೀವು ಕಾರ್ಡು ಮಾಡೋದಾದ್ರೆ ಮೂರು ಮಾತು ನೆಪ್ಪಿಟ್ಕಳಿ. ಸೀಲು ಬಿದ್ರೆ ಒಡೀಬಾರ್ದು, ತಕ್ಕಡಿಗೆ ಹಾಕುದ್ರೆ ತಟ್ಟೆ ಇಳೀಬಾರ್ದು, ಚೀಲಕ್ಕೆ ಹೋದ್ರೆ ಇಲಿ ಮೂಸಬಾರ್ದು."

ಈ ಮೂರು ಮಾತು ಹಿಡಿದು ಯೋಚಿಸಿದರೆ ಉಳಿದದ್ದು ಮೊಟ್ಟೆ ಹಾಳೆ ಒಂದೇ. ಹೊಟ್ಟಿನ ದುಂಡನ್ನು ಕೊಯ್ದು ಲಗ್ನಪತ್ರಿಕೆಯ ಹಿಂಬದಿಗೆ ಅಂಟಿಸಿ, ಕೆಳಗೆ ಪೆನ್ನಿನಲ್ಲಿ ಒಂದು ಕಡ್ಡಿ, ಎರಡು ಎಲೆ ಬರೆದೆ. ಬಿಳಿಯ ಸೇವಂತಿಗೆಯಾಯಿತು. ಶಿವಣ್ಣ ಅದನ್ನು ತೂಗಿದ, ಮೂಸಿದ, ಕೊನೆಗೆ ಸೀಲು ಎತ್ತಿ ಹೊಡೆದ. ಬಿಚ್ಚಿ ನೋಡಿದೆವು. ಹೂವು ಇದ್ದ ಹಾಗೇ ಇತ್ತು. ಇಬ್ಬರೂ ಏನೋ ಗೆದ್ದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಕವರು ಹಾಳಾಯಿತು ಅನ್ನಿ.

ಈಗ ತಂಗಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಬರದೆ ಸುತ್ತಾಡಿದ್ದಕ್ಕೆ ಕಾರಣ, ಆ ವಿಷಯದಲ್ಲಿ ತಪ್ಪು ನನ್ನದು.

ನಾವು ಮಾಗಡಿ ಕಡೆಯವರು, ಸಾವನದುರ್ಗದ ಬುಡದಲ್ಲಿ ಹುಟ್ಟಿದವರು. ನಾನು, ನನ್ನ ಹಿಂದೆ ಪುಟ್ಟತಾಯಿ, ತುಂಬ ವರ್ಷ ಬಿಟ್ಟು ತಮ್ಮ. ಪುಟ್ಟತಾಯಿಯನ್ನು ರಾಮನಗರದ ಆಚೆ ಕೊಟ್ಟಿತ್ತು. ಅವಳ ಹಿಪ್ಪುನೇರಳೆ ತೋಟದಂಥ ತೋಟ ಆ ಸುತ್ತಿನಲ್ಲಿ ಇರಲಿಲ್ಲ. ಅಂಗೈಯಗಲ ಸೊಪ್ಪು. ಅವಳ ಗೂಡನ್ನು ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಆಮೇಲೆ ಫ್ಯಾಕ್ಟರಿಗೆ ಜಾಗ ಬೇಕೆಂದು ನೋಟೀಸು ಬಂತು, ತೋಟ ಹೋಯಿತು, ಅದರ ಸುತ್ತ ಎತ್ತರದ ಕಾಂಪೌಂಡು ಎದ್ದಿತು. ಅದೇ ವರ್ಷ ತಮ್ಮನ ಮನೆಯ ಮದುವೆಗೆ ಪುಟ್ಟತಾಯಿ ಕತ್ತಿನಲ್ಲಿ ಹೊಸ ಸರ ಹಾಕಿಕೊಂಡು ಬಂದಳು. ಊಟದ ಪಂಕ್ತಿಯಲ್ಲಿ ಯಾರೋ, ಸರ ಚೆನ್ನಾಗಿದೆ ಎಂದರು. ನನ್ನ ಬಾಯಿ ಸುಮ್ಮನಿರಬಹುದಿತ್ತು.

"ತ್ವಾಟ ಕೊಟ್ಟು ಕತ್ತಿಗೆ ಹಾಕ್ಕೊಂಡವ್ಳೆ. ನಾಳೆ ಗಂಡನ್ನ ಕೊಟ್ಟು ಕಾಲಿಗೆ ಹಾಕ್ಕೊತಾಳೆ," ಎಂದೆ.

ಮೂರು ಪಂಕ್ತಿ ನಕ್ಕಿತು. ಪುಟ್ಟತಾಯಿ ಅರ್ಧ ಊಟಕ್ಕೆ ಕೈ ತೊಳೆದಳು. "ಇನ್ನು ನಿನ್ನ ಮನೆ ಹೊಸ್ಲು ತುಳುದ್ರೆ ಕೇಳು," ಎಂದು ಹೋದವಳು ಆರು ವರ್ಷ ಮಾತು ಬಿಟ್ಟಳು. ನೋಟೀಸು ಬಂದ ಮೇಲೆ ಯಾರ ತೋಟವೂ ಉಳಿದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಮಾತು ಚೆನ್ನಾಗಿ ಬಂದಿತ್ತು, ಅದಕ್ಕೆ.

ಆರು ವರ್ಷದ ಮೇಲೆ ಪ್ರೀತಿ ಉಕ್ಕಿ ಕಾರ್ಡು ಕಳಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಸುವಿನ ಹೆಸರು ಮರೆತುಹೋಯಿತು, ಅದಕ್ಕೆ ಕಳಿಸಿದೆ. ನಾವು ಚಿಕ್ಕವರಿದ್ದಾಗ ಮನೆಯಲ್ಲೊಂದು ಕೆಂದ ಹಸು ಇತ್ತು. ಒಂದು ಕೋಡು ಕೆಳಕ್ಕೆ ಬಾಗಿದ್ದು, ನಮ್ಮಿಬ್ಬರನ್ನೂ ಬಂಡೆಯ ಮೇಲೆಲ್ಲ ಅಟ್ಟಾಡಿಸಿದ್ದು. ಒಂದು ಬೆಳಿಗ್ಗೆ ಅದರ ಹೆಸರು ಬಾಯಿಗೆ ಬರಲಿಲ್ಲ. ಗೌರಿಯೋ, ಗಂಗೆಯೋ, ಯಾವುದನ್ನು ಕೂಗಿದರೂ ಅದು ತಿರುಗಿ ನೋಡಲಿಲ್ಲ. ತಮ್ಮ ಹುಟ್ಟುವ ಹೊತ್ತಿಗೆ ಹಸುವನ್ನು ಮಾರಿ ಆಗಿತ್ತು. ಅವ್ವ ಅಪ್ಪ ಹೋಗಿದ್ದರು. ಆ ಹೆಸರು ಗೊತ್ತಿರುವ ಇನ್ನೊಂದು ತಲೆ ಎಂದರೆ ಪುಟ್ಟತಾಯಿಯದು. ಆ ತಲೆ ನನ್ನ ಜೊತೆ ಮಾತಾಡುವುದಿಲ್ಲ. ಹೀಗೆ ಒಂದೊಂದೇ ಮರೆಯುತ್ತ ಹೋದರೆ ಕೇಳುವುದು ಯಾರನ್ನು ಎಂದು ಯೋಚಿಸಿ ಕತ್ತರಿ ಹುಡುಕಿದೆ.

ಸಂಕ್ರಾಂತಿಗೆ ಒಂದು ವಾರವಿತ್ತು. ಎಲ್ಲರಿಗೂ ಕಳಿಸುವಂಥ ಕಾರ್ಡು ಅವಳಿಗೆ ಬೇಡ, ಎಲ್ಲಕ್ಕಿಂತ ಒಳ್ಳೆಯ ದುಂಡನ್ನು ಹುಡುಕಬೇಕು ಎಂದು ಮೂಲೆಯಲ್ಲಿ ನೇತು ಹಾಕಿದ್ದ ಹಾಳೆಗಳನ್ನು ತಡಕಿದೆ. ಕನ್ನಡಕ ಮನೆಯಲ್ಲೇ ಇತ್ತು. ಹಾಕಿಕೊಳ್ಳಲಿಲ್ಲ. ತೆಳುಬಟ್ಟೆಯ ಹಿಂದಿನಿಂದ ಒಂದು ಹಾಳೆ ಕೈಗೆ ಬಂತು. ಅದರ ದುಂಡುಗಳು ಸುಣ್ಣದ ಬಿಳುಪಾಗಿರದೆ ತೊಗರಿಬೇಳೆಯ ಬಣ್ಣಕ್ಕಿದ್ದವು. ಕೈಯಾಡಿಸಿದರೆ ತುಂಬಿ ಉಬ್ಬಿದಂತೆ. ಒಲೆಯ ಹೊಗೆ ಕುಡಿದು ಬಣ್ಣ ಬಂದಿದೆ ಎಂದುಕೊಂಡೆ. ಲೋಟ ಇಟ್ಟೆ, ಕೊಯ್ದೆ, ಅಂಟಿಸಿದೆ, ಕಡ್ಡಿ ಬರೆದೆ. ಕೆಳಗೆ ನನ್ನ ಹಲಸಿನ ಹಣ್ಣಿನ ಅಕ್ಷರದಲ್ಲಿ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಎಂದು ಬರೆದೆ. ಶಿವಣ್ಣ ಸೀಲು ಹೊಡೆದ. ಕವರು ಹೋಯಿತು.

ಮೂರನೆಯ ದಿನ ಶೋಭ ಬಟ್ಟೆ ಸರಿಸಿ ಆ ಹಾಳೆ ಇಳಿಸಿದಳು. ಇಳಿಸಿ, ತೂತಿನಿಂದ ಒಂದು ಕಣ್ಣು ತೋರಿಸಿ ನನ್ನನ್ನೇ ನೋಡಿದಳು.

"ಅತ್ತೆ, ಹೊಸಾ ಮೊಟ್ಟೆ ಹಾಳೇಲಿ ಯಾರೋ ಕಿಟಕಿ ಕೊಯ್ದವ್ರೆ."

"ಇಲಿ ಇರ್ಬೇಕು," ಎಂದೆ. ನಾನು ಸುಳ್ಳು ಹೇಳುವವಳಲ್ಲ. ಅದು ತಾನಾಗಿ ಬಂತು.

"ಇಲಿ ಲೋಟ ಇಟ್ಟು ಗುಂಡಗೆ ಕೊಯ್ತದಾ?"

ಶೋಭ ಬೆರಳು ಮಡಿಸಿ ಎಣಿಸಿದಳು. ಅವಳು ಎಣಿಸುವುದು ಬೇಕಿರಲಿಲ್ಲ, ನನಗೂ ಎಣಿಕೆ ಬರುತ್ತದೆ.

"ಹಬ್ಬದ ದಿನ ಬೆಳಗ್ಗೆ ಹುಳ ಏಳ್ತವೆ ಅತ್ತೆ. ನಮ್ಮನೇಲೂ, ಚಿಕ್ಕತ್ತೆ ಮನೇಲೂ."

ನಲವತ್ತು ವರ್ಷ ಹುಳ ಸಾಕಿದ ನಾನು, ಜೀವವಿರುವ ಮೊಟ್ಟೆ ಯಾವುದು ಹೊಟ್ಟು ಯಾವುದು ತಿಳಿಯದೆ ಕೊಯ್ದಿದ್ದೆ. ಅದೂ ಯಾರಿಗೆ? ತೋಟ ಕಳೆದುಕೊಂಡವಳಿಗೆ. ಮನೆಯಲ್ಲಿ ಒಂದೆಲೆ ಸೊಪ್ಪಿಲ್ಲದವಳಿಗೆ ನಾನೂರು ಹುಳ ಕಳಿಸಿ, ಒಳ್ಳೆ ಮಾತಾಡು ಎಂದು ಬೇರೆ ಬರೆದಿದ್ದೆ. ಹಂಗಿಸಬೇಕೆಂದು ಆರು ವರ್ಷ ಕೂತು ಯೋಚಿಸಿದ್ದರೂ ಇದಕ್ಕಿಂತ ಚೆನ್ನಾಗಿ ಹಂಗಿಸಲು ನನ್ನಿಂದ ಆಗುತ್ತಿರಲಿಲ್ಲ.

ಶಿವಣ್ಣನ ಜಗಲಿಗೆ ಓಡಿದೆ. ಆ ವಯಸ್ಸಿಗೆ ಅದನ್ನು ಓಟ ಎನ್ನಬಹುದಾದರೆ.

"ನನ್ನ ಕವರು ವಾಪಸ್ ತರ್ಸು ಶಿವಣ್ಣ."

"ಸೀಲು ಬಿದ್ಮ್ಯಾಲೆ ಅದು ಸರ್ಕಾರದ್ದು ಕಣಕ್ಕ. ಅದ್ರಲ್ಲಿ ಏನೈತೆ ಅಂತದ್ದು?"

"ನಾನೂರು ಜನ ಅವ್ರೆ."

ಶಿವಣ್ಣ ವಿಷಯ ಕೇಳಿ ತಿಳಿದುಕೊಂಡು, ಸೀಲನ್ನು ಮೇಜಿನ ಮೇಲಿಟ್ಟು, ಕಣ್ಣು ಒರೆಸಿಕೊಂಡ. "ನಾನೂರು ಜನಕ್ಕೆ ಒಂದೇ ಸ್ಟಾಂಪು ಹಚ್ಚಿದ್ದೀರಲ್ಲ ಕೆಂಪಕ್ಕ," ಎಂದ. ಆಮೇಲೆ ಧೈರ್ಯ ಹೇಳಲು, "ಸೀಲಿಗೇ ಸತ್ತೋಗಿರ್ತವೆ ಬುಡಿ," ಎಂದ. ಆದರೆ ಅವನ ಸೀಲಿಗೆ ಸಾಯದಂಥ ಕಾರ್ಡು ಮಾಡಲೆಂದೇ ನಾನು ಒಂದು ವರ್ಷ ತೆಗೆದುಕೊಂಡಿದ್ದೆನಲ್ಲ.

ಬಸ್ಸು ಹತ್ತಿ ಹೋಗಿ ಕವರು ಕಿತ್ತುಕೊಂಡು ಬರಬಹುದಿತ್ತು. ಹೋಗಲಿಲ್ಲ. ಅವಳು ನನ್ನ ಹೊಸ್ತಿಲು ತುಳಿಯುವುದಿಲ್ಲ ಎಂದಾಗ ನಾನೂ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದೆ. ಜಗಳದಲ್ಲಿ ಆಡಿದ ಮಾತಿಗೆ ತಾಳಿ ಕಟ್ಟುವಾಗ ಕೊಟ್ಟ ಮಾತಿಗಿಂತ ಆಯಸ್ಸು ಜಾಸ್ತಿ.

ಹಬ್ಬದ ದಿನ ಬೆಳಿಗ್ಗೆ ನಮ್ಮ ಮನೆಯ ಹುಳ ಎದ್ದವು. ಕೂದಲಿನಷ್ಟು ಸಣ್ಣ ಕರಿ ಹುಳ, ತಲೆ ಎತ್ತಿ ಆಡಿಸುತ್ತ. ಶೋಭ ಎಳೆ ಸೊಪ್ಪು ಹೆಚ್ಚಿ ಉದುರಿಸಿದಳು. ನನಗೆ ಎಳ್ಳು ಬೆಲ್ಲ ಇಳಿಯಲಿಲ್ಲ. ಎಳ್ಳು ನೋಡಿದರೆ ಹುಳದ ನೆನಪು.

ಆಮೇಲೆ ಸುದ್ದಿಯಿಲ್ಲ. ಹತ್ತು ದಿನವಾಯಿತು. ಕೊನೆಗೆ ಶಿವಣ್ಣನಿಗೆ ಆ ಕಡೆಯ ಪೋಸ್ಟ್‌ಮ್ಯಾನ್ ಸಿಕ್ಕಿದ್ದನಂತೆ. ಟಪಾಲಿನವರಿಗೆ ಕಾಗದ ಒಡೆಯುವುದು ತಪ್ಪು, ಸುದ್ದಿ ಒಡೆಯುವುದಕ್ಕೆ ಅಡ್ಡಿಯಿಲ್ಲ.

"ನಿಮ್ಮ ತಂಗಿ ದಿನಾ ಫ್ಯಾಕ್ಟರಿ ಗೇಟಲ್ಲಿ ನಿಂತ್ಕಂಡು ವಾಚ್‌ಮನ್ ಜೊತೆ ಜಗಳ ಆಡ್ತಾವ್ರಂತೆ."

"ಯಾಕಂತೆ?"

"ಅದು ಅವನಿಗೂ ತಿಳೀದಂತೆ. ವಾಚ್‌ಮನ್‌ಗೆ ಕನ್ನಡ ಬರಲ್ಲ."

ಮಾತು ಬಿಟ್ಟವರು ನಮ್ಮ ಕಡೆ ಹೇಗೆ ಮಾತಾಡುತ್ತಾರೆ ಎಂದು ನಿಮಗೆ ಹೇಳಬೇಕು. ಮಾತು ಬಿಟ್ಟರೂ ಹೇಳುವುದು ಇದ್ದೇ ಇರುತ್ತದೆ. ಅದಕ್ಕೆ ನಡುವೆ ಒಂದು ಹಸುವನ್ನೋ, ಒರಳನ್ನೋ, ಕಂಬವನ್ನೋ ಇಟ್ಟುಕೊಂಡು ಅದಕ್ಕೆ ಹೇಳುತ್ತಾರೆ. ನಮ್ಮ ಅತ್ತೆ ಮಾವ ಒಂದು ಬೇಸಿಗೆ ಪೂರ್ತಿ ಎಮ್ಮೆಯ ಮೂಲಕ ಸಂಸಾರ ಮಾಡಿದ್ದರು. ಎಮ್ಮೆಗೇ ಬೇಜಾರಾಗಿ ಹಾಲು ಕಮ್ಮಿಯಾಯಿತು.

ಹಬ್ಬವಾಗಿ ತಿಂಗಳು ಕಳೆದಿತ್ತು. ಮಧ್ಯಾಹ್ನ ನಾನು ಹಿಟ್ಟಿಗೆ ಎಸರಿಟ್ಟಿದ್ದೆ. ಹೊರಗೆ ಜಗಲಿಯಲ್ಲಿ ಪರಿಚಯದ ಕೆಮ್ಮು ಕೇಳಿತು. ಇಣುಕಿದರೆ ಪುಟ್ಟತಾಯಿ. ಸೊರಗಿದ್ದಳು. ಕತ್ತಿನಲ್ಲಿ ಅದೇ ಸರ, ಕೈಯಲ್ಲಿ ಟಿಫನ್ ಡಬ್ಬ. ಹೊಸ್ತಿಲಿನಿಂದ ಒಂದು ಗೇಣು ಆಚೆ, ಅಳೆದಂತೆ ನಿಂತಿದ್ದಳು. ಮುಖ ಜಗಲಿಯ ಕಲ್ಲುಕಂಬದ ಕಡೆಗಿತ್ತು.

"ಕಂಬಣ್ಣ, ಈ ಮನೆ ಯಜಮಾನ್ತಿಗೆ ಹೇಳಪ್ಪ, ಕಾರ್ಡು ತಲುಪ್ತು ಅಂತ."

"ಕಂಬಣ್ಣ, ಬಂದೋರು ನೀರು ಕುಡೀತಾರಾ ಕೇಳು," ಎಂದೆ ನಾನು.

"ಸೊಪ್ಪಿಲ್ದ ಮನೇಗೆ ಹುಳ ಕಳ್ಸೋರ ಮನೆ ನೀರು ನಂಗ್ಯಾಕೆ ಕಂಬಣ್ಣ?"

ಶೋಭ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಳು. ಪುಟ್ಟತಾಯಿ ಕಂಬಕ್ಕೆ ಎಲ್ಲವನ್ನೂ ಒಪ್ಪಿಸಿದಳು. ಕವರು ಬಂದಾಗ ನನ್ನ ಅಕ್ಷರ ಕಂಡು ಒಡೆಯದೆ ದೇವರ ಪಟದ ಹಿಂದೆ ಇಟ್ಟಳಂತೆ. ಹಬ್ಬದ ದಿನ ಗಂಡ ತಡೆಯಲಾರದೆ ಒಡೆದು ಗಟ್ಟಿಯಾಗಿ ಓದಿದನಂತೆ.

"ಒಳ್ಳೆ ಮಾತಾಡು ಅಂತ ಓದ್ತಾವ್ರೆ, ಬೆರಳ ಮ್ಯಾಲೆ ಕರ್ರಗೆ ಹರೀತದೆ. ಅಯ್ಯಯ್ಯೋ ಎಳ್ಳು ನಡೀತಾವೆ ಕಣೇ ಅಂತ ಕಾರ್ಡ ಎಸೆದ್ರು. ಬಿದ್ದಿದ್ದೆಲ್ಲಿ, ಎಳ್ಳು ಬೆಲ್ಲದ ತಟ್ಟೇಗೇ. ಯಾವ್ದು ಎಳ್ಳು, ಯಾವ್ದು ಹುಳ ಕಂಬಣ್ಣ? ಅವತ್ತು ನಮ್ಮನೇಲಿ ಎಳ್ಳು ಬೀರಿಲ್ಲ. ನಂಗೆ ಎಷ್ಟು ಉರೀತು ಅಂದ್ರೆ, ಒಲೆ ಮ್ಯಾಲಿನ ಬಿಸ್ನೀರು ಎತ್ಕೊಂಡು ಬಂದೆ. ಸುಳ್ಳು ಹೇಳಲ್ಲ. ಹುಯ್ಯಕ್ಕೆ ಅಂತ ಬಗ್ಗುದ್ರೆ, ಮುಂಡೇವು ತಲೆ ಎತ್ಕೊಂಡು ಸೊಪ್ಪು ಹುಡುಕ್ತಾವೆ."

ಇಲ್ಲಿ ಡಬ್ಬವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಅವಳ ಹಳೆಯ ತೋಟದ ಒಂದು ಸಾಲು ಕಡ್ಡಿ, ಕಾಂಪೌಂಡಿನ ಒಳಗೆ ಗೋಡೆಯ ಬುಡದಲ್ಲಿ ಕೀಳದೆ ಉಳಿದು ಚಿಗುರಿತ್ತಂತೆ. ಗೇಟಿಗೆ ಹೋಗಿ ಕೇಳಿದಳು. ವಾಚ್‌ಮನ್ ಯಾವುದೋ ದೂರದ ಊರಿನವನು, ಅವನ ಮಾತು ಇವಳಿಗೆ ತಿಳಿಯದು. "ನಾನು ಬೈದೆ, ಅವ್ನೂ ಬೈದ. ನಾಕು ದಿನ ಇಂಗೇ. ಅಲ್ಲೀ ತಂಕ ಬೇಲೀಲಿದ್ದ ಒಂದು ಕಾಡು ಹಿಪ್ಪುನೇರಳೆ ಗಿಡದ ಎಲೆ ಹಾಕ್ದೆ. ಐದನೇ ದಿನ ಹುಳ ಇದ್ದ ಮೊರಾನೇ ಎತ್ಕೊಂಡೋಗಿ ಅವನ ಮೂಗಿಗೆ ಹಿಡ್ದೆ. ನೋಡ್ದ. ಹೋಗಿ ತಾನೇ ಕೊಯ್ಕೊಂಡು ಬಂದು ಗೇಟ್ ಸಂದೀಲಿ ಕೊಟ್ಟ. ಅಲ್ಲಿಂದಾಚೆ ದಿನಾ ಬಂದು ಹುಳ ನೋಡ್ಕೊಂಡು ಹೋಗೋನು. ಜ್ವರಕ್ಕೆ ಕುಂತಾಗ ಊಟ ಮಾಡಲ್ಲ ಅಂತ ಗಾಬ್ರಿ ಬಿದ್ದ."

ಹುಳ ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ಸುಮ್ಮನೆ ಮಲಗುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ಎದ್ದರೆ ಗೂಡು. ಪುಟ್ಟತಾಯಿ ಡಬ್ಬದ ಮುಚ್ಚಳ ತೆಗೆದು ಕಂಬದ ಬುಡದಲ್ಲಿಟ್ಟಳು. ಡಬ್ಬದ ತುಂಬ ಗೂಡು, ಎಳೆ ಹಳದಿ ಬಣ್ಣದ್ದು.

ನಾನು ಹೊರಗೆ ಬಂದೆ. ಒಂದು ಗೂಡು ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದೆ. ಕೈಗೆ ಗೂಡು ಬಂದರೆ ಇದನ್ನು ಮಾಡದೆ ಇರಲು ನನಗೆ ಬರುವುದಿಲ್ಲ. ಒಂದು ಒಳ್ಳೆಯ ಮಾತು ಆಡಬೇಕು ಎಂದೇ ಬಾಯಿ ತೆರೆದೆ, ದೇವರಾಣೆ.

"ಕಂಬಣ್ಣ," ಎಂದೆ, "ಗೂಡು ತೆಳು. ನಾಕನೇ ಜ್ವರ ಎದ್ಮ್ಯಾಲೆ ಸೊಪ್ಪು ಸಾಲ್ದಾಗೈತೆ."

ಒಳಗೆ ಶೋಭ ಹಣೆ ಚಚ್ಚಿಕೊಂಡದ್ದು ನನಗೆ ಕೇಳಿಸಿತು. ಪುಟ್ಟತಾಯಿ ಕಂಬ ಬಿಟ್ಟು ನನ್ನ ಕಡೆ ತಿರುಗಿದಳು.

"ಯಾವಳೇ ತೆಳು ಅನ್ನೋಳು? ಗೇಟ್ ಸಂದೀಲಿ ಭಿಕ್ಷೆ ಎತ್ತಿ ಸಾಕಿವ್ನಿ, ತೆಳು ಅಂತೆ. ಹುಟ್ಟುದಾಗಿಂದ್ಲೂ ಇದೇ ನಾಲ್ಗೆ ನಿಂದು. ತೊಳಸಿ ಈದಾಗ್ಲೂ ಕರ ಬಡಕ್ಲು ಅಂದೋಳು ನೀನು, ಅವ್ವ ಬರ್ಲು ತಗೊಂಡು ಬಂಡೆ ಮ್ಯಾಲೆಲ್ಲ ಓಡುಸ್ಲಿಲ್ವಾ?"

"ತೊಳಸಿ," ಎಂದೆ.

"ಏನು?"

"ಹಸಿನ ಹೆಸ್ರು. ಒಂದೂವರೆ ತಿಂಗ್ಳಿಂದ ನೆಪ್ಪಾಗ್ದೆ ಸಾಯ್ತಿದ್ದೆ ಕಣೇ."

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಆಮೇಲೆ ಧ್ವನಿ ಇಳಿಸಿ ಕೇಳಿದಳು. "ನಿಜ ಹೇಳು ಅಕ್ಕ. ಹುಳಾನ ಬೇಕೂಂತ ಕಳ್ಸಿದ್ದಾ? ಮೊದ್ಲು, ನನ್ನ ಹಂಗ್ಸಕ್ಕೆ ಅನ್ಕೊಂಡೆ. ಆಮ್ಯಾಕೆ ಹುಳ ದಪ್ಪ ಆಯ್ತಾ ಆಯ್ತಾ, ಇಲ್ಲ, ಇವ್ಳು ನಂಗೆ ಬಿತ್ನೆ ಕಳ್ಸವ್ಳೆ, ಬಾಯಿ ಕೆಟ್ಟದಾದ್ರೂ ಮನ್ಸು ಒಳ್ಳೇದು ಅನ್ಕೊಂಡೆ."

ಹೌದು ಕಣೇ, ಬಿತ್ತನೆ ಕಳಿಸಿದೆ ಎಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಅವಳಿಗೂ ಸಂತೋಷ, ನನಗೂ ಹೆಸರು. ಆದರೆ ಆ ತಿಂಗಳ ಸುಳ್ಳು ಇಲಿಯ ಲೆಕ್ಕದಲ್ಲಿ ಮುಗಿದಿತ್ತು.

"ಕಣ್ಣು ಕಾಣ್ಲಿಲ್ಲ," ಎಂದೆ. "ಹೊಟ್ಟು ಅನ್ಕೊಂಡು ಕೊಯ್ದೆ. ಚೆಂದಾಗಿರೋದು ನಿಂಗೆ ಇರ್ಲಿ ಅಂತ ಹುಡುಕ್ದೆ, ಅದು ಸಿಕ್ತು."

ಪುಟ್ಟತಾಯಿ ಜಗಲಿಯ ಮೇಲೆ ಕುಕ್ಕರಿಸಿ ಕೂತು, ನಕ್ಕಳು. ಸರ ಅಲುಗುವಂತೆ ನಕ್ಕಳು. "ನಲವತ್ತು ವರ್ಷ ಹುಳ ಸಾಕ್ದೋಳು," ಎನ್ನುವಳು, ಮತ್ತೆ ನಗುವಳು. ಮುಂದೆ ನಾಲ್ಕು ತಾಲ್ಲೂಕಿನಲ್ಲೂ ಇದನ್ನು ಹೇಳಿಕೊಂಡು ಬಂದಳು, ಆ ಮಾತು ಬೇರೆ.

ಒಳಗೆ ಎಸರು ಉಕ್ಕಿತು. "ಯಾರಾದ್ರೂ ಬನ್ನಿ," ಎಂದು ಶೋಭ ಕೂಗಿದಳು. ನನಗಿಂತ ಮುಂಚೆ ಪುಟ್ಟತಾಯಿ ಎದ್ದು ಹೊಸ್ತಿಲು ದಾಟಿ ಒಳಗೆ ಹೋಗಿ ಪಾತ್ರೆ ಇಳಿಸಿದಳು. ದಾಟಿದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ಹೇಳಲಿಲ್ಲ. ಹೇಳಿದ್ದರೆ ವಾಪಸು ದಾಟುವಂಥವಳೇ.

ಹಿಟ್ಟು ಉಣ್ಣುವಾಗ, "ಸರ ಚೆಂದಾಗೈತೆ," ಎಂದೆ. ಆರು ವರ್ಷ ತಡವಾಗಿ.

"ಗಂಡಾನೂ ಅವ್ನೆ. ಇನ್ನೂ ಮಾರಿಲ್ಲ," ಎಂದಳು, ಮುದ್ದೆ ಮುರಿಯುತ್ತ.

ವಾರದ ಮೇಲೆ ಶಿವಣ್ಣ ತಾನೇ ನಡೆದುಕೊಂಡು ಬಂದು ಒಂದು ಕಾರ್ಡು ಕೊಟ್ಟ. ಕವರಿಲ್ಲ, ಸಾದಾ ಪೋಸ್ಟ್ ಕಾರ್ಡು. ಒಂದು ಗೂಡನ್ನು ಸೀಳಿ, ಚಪ್ಪಟೆ ಮಾಡಿ, ಸೀಲು ಬೀಳುವ ಮೂಲೆಗೇ ಬೇಕೆಂದು ಅಂಟಿಸಿತ್ತು. ಆ ಊರಿನ ಸೀಲು, ನಮ್ಮ ಶಿವಣ್ಣನ ಸೀಲು, ಎರಡೂ ಗುರಿಯಿಟ್ಟಂತೆ ಅದರ ಮೇಲೇ ಬಿದ್ದಿದ್ದವು. ಗೂಡು ಕರ್ರಗಾಗಿತ್ತು, ಒಂದೆಳೆಯೂ ಹರಿದಿರಲಿಲ್ಲ. ಕೆಳಗೆ ಎರಡೇ ಪದ. ಪುಟ್ಟತಾಯಿಯ ಅಕ್ಷರ ನನ್ನದಕ್ಕಿಂತಲೂ ದಪ್ಪ.

"ತೆಳು ಅಂತೆ."

"ನಾನು ಜೋರಾಗೇ ಹೊಡ್ದೆ ಕೆಂಪಕ್ಕ," ಎಂದ ಶಿವಣ್ಣ. "ಏನೂ ಆಗ್ಲಿಲ್ಲ."

ಕಾರ್ಡನ್ನು ಬೆಳಕಿಗೆ ಹಿಡಿದು ಗೂಡಿನ ಮೇಲೆ ಬೆರಳಾಡಿಸಿದೆ. ತೆಳುವೇ. ಭಾನುವಾರ ಅವಳು ಬಂದಾಗ ಹೇಳಿದೆ.